ವಸುಧಾಳ ದೊಡ್ಡ ಪಿಸ್ತೂಲು

ಬ್ಯಾಂಕಿನ ಹೆಂಗಸು ಪಿಸ್ತೂಲು ಹಿಡಿದಳು ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಗಂಡನ ಮುಖ ನೋಡುತ್ತಾರೆ. ಸುಧೀರನಿಗೆ ಈ ನೋಟ ರೂಢಿಯಾಗಿಬಿಟ್ಟಿತ್ತು. ವಿಜಯಪುರದ ಕಡೆ ಯಾವುದೇ ಮದುವೆಗೆ ಹೋದರೂ ಹೆಂಡತಿಯ ಕಾಕಾ ಮಾಮಾಗಳು ಅವನನ್ನು ಮೂಲೆಗೆ ಕರೆದು, "ಮನ್ಯಾಗ ಹುಷಾರಿಲೆ ಇರ್ರಿ ಅಳಿಯಂದ್ರ" ಎನ್ನುತ್ತಿದ್ದರು. ಅವನೂ ಬಿಡುತ್ತಿರಲಿಲ್ಲ. "ಸಾರಿಗೆ ಉಪ್ಪು ಹೆಚ್ಚಾದ್ರೂ ಬಾಯಿ ಬಿಡೂದಿಲ್ಲರಿ, ಜೀವದ ಮಾತದ" ಎಂದು ಕೈಮುಗಿಯುತ್ತಿದ್ದ. ಎಲ್ಲರೂ ನಕ್ಕು ಊಟಕ್ಕೆ ಏಳುತ್ತಿದ್ದರು. ಅವನ ಎದೆಯಲ್ಲಿ ಮಾತ್ರ ಒಂದು ಹೆಮ್ಮೆ ಸದ್ದಿಲ್ಲದೆ ಕೂತಿರುತ್ತಿತ್ತು.

ಸುಧೀರ ಕೇಂದ್ರ ಸರ್ಕಾರದ ತೆರಿಗೆ ಇಲಾಖೆಯವನು. ವರ್ಗದ ಆದೇಶ ಬಂದ ಊರಿಗೆ ಪಾತ್ರೆಪಗಡೆ ಕಟ್ಟಿಕೊಂಡು ಹೊರಡುವ ಜಾತಿ. ನಾಸಿಕಕ್ಕೆ ಹಾಕಿದಾಗ ವಸುಧಾ ಕೂಡ ಮೇಲಿನವರ ಕೈಕಾಲು ಹಿಡಿದು ತನ್ನ ಬ್ಯಾಂಕಿನ ಸಾತಪುರ ಶಾಖೆಗೆ ಬಂದಳು. ಪಗಾರದ ವಾರದಲ್ಲಿ ಪಾಳಿ ಮುಗಿಸಿ ಬಂದ ಕಾರ್ಖಾನೆ ಜನ ಬಾಗಿಲ ಹೊರಗಿನ ತನಕ ನಿಲ್ಲುವ ಶಾಖೆ ಅದು. ಎಲ್ಲರಿಗೂ ಅವಸರ, ಎಲ್ಲರಿಗೂ ಇವಳೇ ಬೇಕು. ಸಂಜೆ ಮನೆಗೆ ಬಂದರೆ ಅಲ್ಲಿಯೂ ಅದೇ. ಮಗಳು ರುಚಿತಾಳಿಗೆ ಪಾಠ, ಗಂಡನಿಗೆ ಚಹಾ, ಊರಿನಿಂದ ಬಂದು ಉಳಿದಿದ್ದ ತನ್ನ ತಾಯಿ ಕುಸುಮಾವತಿಬಾಯಿಗೆ ಮಡಿಯ ಅಡಿಗೆ. ಅವಳು ಗೊಣಗಿದವಳಲ್ಲ. ಆದರೆ ಅವಳಿಗಾಗಿ ಅಂತ ಒಂದು ಹೊತ್ತು ಇದೆಯೇ ಎಂದು ಕೇಳಿದವರೂ ಇರಲಿಲ್ಲ. ಸುಧೀರನೂ ಕೇಳಿರಲಿಲ್ಲ.

ಪಿಸ್ತೂಲು ಅವಳ ಕೈಗೆ ಬಂದದ್ದು ಬ್ಯಾಂಕಿನ ವಾರ್ಷಿಕ ಕ್ರೀಡಾಕೂಟದಲ್ಲಿ. ಹೆಂಗಸರಿಗೆ ಯಾವಾಗಲೂ ಅದೇ ಲಿಂಬೆಹಣ್ಣು ಚಮಚೆ, ಅದೇ ಸಂಗೀತ ಕುರ್ಚಿ. ಆ ವರ್ಷ ಮೈದಾನದ ಮೂಲೆಯಲ್ಲಿ ಊರಿನ ಗುರಿಕಾರಿಕೆ ಕ್ಲಬ್ಬಿನವರು ಗಾಳಿಪಿಸ್ತೂಲಿನ ಆಟ ಇಟ್ಟಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವಸುಧಾ ಒಂದು ಕೈ ನೋಡೇಬಿಡುತ್ತೇನೆಂದು ಹೋದಳು. ಹೊಡೆದ ಗುಂಡುಗಳೆಲ್ಲ ನಡುವಿನ ಕರಿ ಚುಕ್ಕೆಯೊಳಗೇ ಕೂತವು. ಕ್ಲಬ್ಬಿನ ಧೋಂಡಗೆ ಸರ್, ಸೈನ್ಯದಿಂದ ನಿವೃತ್ತರಾದ ಸುಬೇದಾರರು, ಗುರಿಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಮರುವಾರದಿಂದ ಅವಳು ಅವರ ಶಿಷ್ಯೆ.

"ಅಲ್ಲಿ ನಿಂತಾಗ ಯಾರೂ ನನಗ ಏನೂ ಕೇಳೂದಿಲ್ಲರಿ" ಎಂದು ಒಮ್ಮೆ ಗಂಡನಿಗೆ ಹೇಳಿದ್ದಳು. "ಸಾಲ ಯಾವಾಗ ಮಂಜೂರಾಗ್ತದ ಅಂತ ಕೇಳೂದಿಲ್ಲ, ಕಾಯಿಪಲ್ಯಾ ಏನು ಅಂತ ಕೇಳೂದಿಲ್ಲ. ನಾನು, ಮುಂದಿನ ಆ ಕರೀ ಚುಕ್ಕಿ. ಅಷ್ಟ." ಸುಧೀರ ಅಂದು ಪೇಪರಿನಿಂದ ತಲೆ ಎತ್ತಿ ಅವಳನ್ನು ನೋಡಿದ. ಮದುವೆಯಾದ ಮೇಲೆ ಅವಳು ತನಗೆ ಇಂಥದ್ದು ಬೇಕು ಎಂದು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಆಗಿನಿಂದ ಭಾನುವಾರದ ಅಡಿಗೆ ಅವನದಾಯಿತು. ಉಪ್ಪಿಟ್ಟು ಗಂಟಾಗುತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ.

ಗಾಳಿಪಿಸ್ತೂಲಿನಿಂದ ಅವಳು ನಿಜವಾದ ಗುಂಡಿನ ಪಿಸ್ತೂಲಿಗೆ ಬಂದಳು. ಗಾಳಿಪಿಸ್ತೂಲು ಸಾಧು. ಗುಂಡಿನದು ಹಾಗಲ್ಲ, ಹಾರಿದ ಕೂಡಲೇ ಕೈಯನ್ನು ಹಿಂದಕ್ಕೆ ಒದೆಯುತ್ತದೆ, ಮೂತಿ ಮೇಲಕ್ಕೆ ನೆಗೆಯುತ್ತದೆ. ಅದನ್ನು ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸುವುದರಲ್ಲಿಯೇ ಈ ಆಟದ ಅರ್ಧ ವಿದ್ಯೆ ಇದೆ. ವಸುಧಾ ಅದನ್ನೂ ಕಲಿತಳು. ಹಿರಿಯ ಹೆಂಗಸರ ವಿಭಾಗದಲ್ಲಿ ಜಿಲ್ಲೆಗೆ ಮೊದಲಿಗಳಾದಳು. ಕ್ಲಬ್ಬಿನ ಗೋಡೆಗೆ ಅವಳ ಫೋಟೋ ಬಿತ್ತು. ಫೋಟೋದಲ್ಲಿ ಕುಂಕುಮ ದೊಡ್ಡದು, ಪಿಸ್ತೂಲು ಸಣ್ಣದು.

ಆಮೇಲೆ ಒಂದು ವರ್ಷಕ್ಕೆ ಗುರಿ ಚದುರತೊಡಗಿತು. ಮೊದಮೊದಲು ಅಲ್ಲೊಂದು ಇಲ್ಲೊಂದು, ಬರುಬರುತ್ತ ಜೋಳ ತೂರಿದ ಹಾಗೆ. ಪ್ರತಿ ಗುಂಡಿನ ನಂತರ ಮೂತಿ ಕುಣಿಯುತ್ತದೆ, ಮರಳಿ ತರಲು ಹೋದರೆ ಕೈ ಮಾತು ಕೇಳುವುದಿಲ್ಲ ಎಂದಳು. ರೋಗಿ ಒಬ್ಬ, ವೈದ್ಯರು ನೂರು. ಕ್ಲಬ್ಬಿನಲ್ಲಿ ಒಬ್ಬರು ನಿಲುವು ಸರಿಯಿಲ್ಲ ಎಂದರು, ಇನ್ನೊಬ್ಬರು ಕನ್ನಡಕ ಬದಲಿಸಿ ಎಂದರು. ಸುಧೀರ ಮೊಬೈಲಿನಲ್ಲಿ ಹಗಲಿರುಳು ಓದಿ ತನ್ನ ತೀರ್ಪು ಕೊಟ್ಟ. ತಪ್ಪು ಪಿಸ್ತೂಲಿನದು. ಹಗುರವಾಗಿದೆ, ನಳಿಗೆ ಗಿಡ್ಡ, ಅದಕ್ಕೇ ಅಷ್ಟು ಒದೆಯುತ್ತದೆ. ಖಾಲಿ ಚಕ್ಕಡಿ ಹೆಚ್ಚು ಕುಲುಕುತ್ತದೆ, ಹೇರಿದ ಚಕ್ಕಡಿ ಗಂಭೀರವಾಗಿ ಹೋಗುತ್ತದೆ. ದೊಡ್ಡ ಪಿಸ್ತೂಲು ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ. ಇಷ್ಟು ಹೇಳಿ ಅವನು ತಾನೇ ನಾಲ್ಕು ಪದಕ ಗೆದ್ದವನ ಹಾಗೆ ಸೋಫಾಕ್ಕೆ ಒರಗಿದ.

ಅದೇ ಸೋಫಾದ ಇನ್ನೊಂದು ತುದಿಯಲ್ಲಿ ವಸುಧಾ ಟಿವಿ ನೋಡುತ್ತ ಕೂತಿದ್ದಳು. ಅವಳ ಬಲಗೈ ಮಡಿಲಲ್ಲಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ತನ್ನಷ್ಟಕ್ಕೆ ತಾನು ಹೊಸೆದಾಡುತ್ತಿತ್ತು.

"ಏನ, ನಿಮ್ಮವ್ವನ ಬತ್ತಿ ಕಾರ್ಖಾನಿ ಚಾಲೂ ಆತೇನ?" ಎಂದ ಸುಧೀರ.

ವಸುಧಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ನಕ್ಕಳು. "ರಕ್ತದಾಗ ಬಂದದ್ದು ಎಲ್ಲಿ ಹೋಗ್ತದರಿ."

ಈ ಚೇಷ್ಟೆ ಮನೆಯಲ್ಲಿ ಹಳೆಯದು. ಕುಸುಮಾವತಿಬಾಯಿ ದೇವರಿಗೆ ಲಕ್ಷ ಬತ್ತಿ ಹರಕೆ ಹೊತ್ತವರು. ಮಡಿಲಲ್ಲಿ ಅರಳೆ ಇಟ್ಟುಕೊಂಡು, ಎರಡು ಬೆರಳಿನ ನಡುವೆ ಎಳೆದು ಹೊಸೆದು ಹೂಬತ್ತಿ ಮಾಡುತ್ತಲೇ ಇರುತ್ತಿದ್ದರು. ಹರಕೆ ತೀರಿದ ಮೇಲೂ ಬೆರಳು ನಿಲ್ಲಲಿಲ್ಲ. ಕೊನೆಯ ವರ್ಷಗಳಲ್ಲಂತೂ ಅರಳೆ ಇಲ್ಲದಿದ್ದರೂ ಹೊಸೆಯುತ್ತಿದ್ದರು, ಮಾತಾಡುತ್ತಿದ್ದರೂ, ಸುಮ್ಮನೆ ಕೂತಿದ್ದರೂ. ಬಂದ ಹೆಂಗಸರೆಲ್ಲ ಕಾಲಿಗೆ ಬಿದ್ದು, "ಎಂಥಾ ಪುಣ್ಯಾತಗಿತ್ತಿ ನೋಡ್ರಿ, ಬೆರಳಿಗೂ ದೇವರ ಧ್ಯಾನ" ಎನ್ನುತ್ತಿದ್ದರು. ಆ ಮಾತಿಗೆ ಮುದುಕಿ ನಗುತ್ತಲೂ ಇರಲಿಲ್ಲ, ಬೇಡ ಅನ್ನುತ್ತಲೂ ಇರಲಿಲ್ಲ. ಕಡೆಕಡೆಗೆ ಅವರ ಮುಖವೇ ಗೋಡೆಯಂತಾಗಿತ್ತು. ಹೆಜ್ಜೆ ಕಿತ್ತಿಡಲು ಹೊತ್ತು ಹಿಡಿಯುತ್ತಿತ್ತು. ಅದನ್ನು ವಯಸ್ಸು ಎಂದರು. ಸತ್ತ ಮೇಲೆ ಊರಲ್ಲಿ ಎಲ್ಲರೂ ಮೊದಲು ನೆನೆದದ್ದು ಆ ಬೆರಳುಗಳನ್ನೇ.

ಹೀಗಾಗಿ ವಸುಧಾಳ ಬೆರಳು ಹೊಸೆಯತೊಡಗಿದಾಗ ಮನೆಯವರಿಗೆ ಭಯ ಹುಟ್ಟಲಿಲ್ಲ. ನಗು ಬಂತು, ಒಳಗೊಳಗೆ ಸಂತೋಷವೂ ಆಯಿತು. ತಾಯಿ ಹೋಗಿಲ್ಲ, ಮಗಳ ಕೈಯಲ್ಲಿದ್ದಾಳೆ ಎಂದು ಊರಿನ ಬಂಧುಗಳು ಫೋನಿನಲ್ಲಿ ಕಣ್ಣೀರು ತಂದರು.

ದೊಡ್ಡ ಪಿಸ್ತೂಲು ಆರಿಸಲು ಹೋದ ದಿನ ಸುಧೀರನೂ ಜೊತೆಗಿದ್ದ. ಪಿಸ್ತೂಲುಗಳೆಲ್ಲ ಕ್ಲಬ್ಬಿನವೇ, ಸದಸ್ಯರು ಅಲ್ಲಿಯೇ ಹೊಡೆದು ಅಲ್ಲಿಯೇ ಇಟ್ಟು ಬರಬೇಕು. ಧೋಂಡಗೆ ಸರ್ ಕಬ್ಬಿಣದ ಕಪಾಟು ತೆರೆದು ಮೂರನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಒಂದೊಂದರ ಹೊಟ್ಟೆ ಬಿಚ್ಚಿ ಒಳಗೆ ಗುಂಡಿಲ್ಲ ಎಂದು ತೋರಿಸಿದರು. ಅವರ ಮಾತು ಮರಾಠಿ, ಇಷ್ಟು ವರ್ಷದ ಮೇಲೆ ಸುಧೀರನ ಕಿವಿಗೆ ಅದು ಕನ್ನಡವಾಗಿಯೇ ಇಳಿಯುತ್ತಿತ್ತು.

"ನೋಡಿ ಮ್ಯಾಡಮ್, ಭಾರ ಇದ್ದಷ್ಟೂ ಒದೆತ ಕಮ್ಮಿ. ನಳಿಗೆ ಉದ್ದ ಇದ್ದಷ್ಟೂ ಗುರಿಯ ತಪ್ಪು ಕಣ್ಣಿಗೆ ಬೇಗ ಕಾಣುತ್ತದೆ. ಆದರೆ ಭಾರ ಹೊರುವುದು ನಿಮ್ಮ ಭುಜ. ನಿಮ್ಮ ಮೈಕಟ್ಟಿಗೆ ನಡುವಿನದು ಸಾಕು."

ವಸುಧಾ ನಡುವಿನದನ್ನು ಮುಟ್ಟಲೂ ಇಲ್ಲ. ತುದಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿಕೊಂಡಳು. ಉದ್ದ ನಳಿಗೆ, ಮುಂಭಾಗದಲ್ಲಿ ಭಾರದ ತುಂಡು, ಕೈಯನ್ನು ಸುತ್ತಲೂ ಕವಿಯುವ ದಪ್ಪ ಕಟ್ಟಿಗೆಯ ಹಿಡಿ. ಅದರೊಳಗೆ ಕೈ ಹೋದರೆ ಮಣಿಕಟ್ಟಿನ ತನಕ ಏನೂ ಕಾಣುತ್ತಿರಲಿಲ್ಲ. ಪಕ್ಕದ ಸಾಲಿನ ಗಂಡಸೊಬ್ಬ, "ಮ್ಯಾಡಮ್, ತೋಪು ಬೇಕಾದರೆ ದೇವಳಾಲಿಯಲ್ಲಿ ಸಿಗುತ್ತದೆ" ಎಂದು ನಗೆಯಾಡಿದ. ಅಲ್ಲಿ ಸೈನ್ಯದ ತೋಪುಖಾನೆ ಇದೆ. ವಸುಧಾ ತಿರುಗಿಯೂ ನೋಡದೆ, "ಇದೇ ಇರಲಿ ಸರ್" ಎಂದಳು. ಧೋಂಡಗೆ ಸುಧೀರನ ಕಡೆ ನೋಡಿದರು. ಸುಧೀರ ದೊಡ್ಡ ಪಂಡಿತನ ಹಾಗೆ ತಲೆಯಾಡಿಸಿದ.

ಹಿಡಿಯನ್ನು ಅವಳ ಅಂಗೈಗೆ ಹೊಂದಿಸಲು ಧೋಂಡಗೆ ವಾರಗಟ್ಟಲೆ ಕೂತರು. ಅವಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಎಲ್ಲಿ ತಗ್ಗು, ಎಲ್ಲಿ ಉಬ್ಬು ಎಂದು ನೋಡುವರು. ಅರದಿಂದ ತಿಕ್ಕುವರು, ತಗ್ಗಿಗೆ ಕಟ್ಟಿಗೆಪುಡಿಯ ಮೆತ್ತು ತುಂಬುವರು, ಮತ್ತೆ ತಿಕ್ಕುವರು. ಭುಜ ಗಟ್ಟಿಯಾಗಲೆಂದು ವಸುಧಾ ಸಂಜೆ ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ ನಿಲ್ಲುತ್ತಿದ್ದಳು. ಎದುರಿನ ಬಿಲ್ಡಿಂಗಿನ ಅಜ್ಜಿಗೆ ತನ್ನ ಕಡೆಗೇ ಗುರಿ ಹಿಡಿದಿದ್ದಾಳೆ ಎಂದು ಸಿಟ್ಟು. ಅಜ್ಜಿ ತನ್ನ ಕಿಟಕಿಯ ಪರದೆ ಎಳೆದುಬಿಟ್ಟಳು.

ನಿಜಕ್ಕೂ ಗುಣ ಕಂಡಿತು. ದೊಡ್ಡ ಪಿಸ್ತೂಲು ಒದ್ದರೂ ಎಮ್ಮೆ ಮೈಕೊಡವಿದ ಹಾಗೆ ಅಲ್ಲಿಯೇ ನಿಲ್ಲುತ್ತಿತ್ತು. ಚದುರಿದ್ದ ಗುಂಡುಗಳು ಮತ್ತೆ ಒಂದೆಡೆ ಸೇರಿದವು. ಸಂಭಾಜಿನಗರದಲ್ಲಿ ನಡೆಯುವ ರಾಜ್ಯಮಟ್ಟದ ಹಿರಿಯರ ಸ್ಪರ್ಧೆಗೆ ಅವಳ ಹೆಸರು ಹೋಯಿತು. ಸುಧೀರ ಆಫೀಸಿಗೆಲ್ಲ ಪೇಢೆ ಹಂಚಿದ. "ನಾ ಹೇಳಲಿಲ್ಲೇನ? ತಪ್ಪು ಪಿಸ್ತೂಲಿಂದಿತ್ತು" ಎಂದು ಹೆಂಡತಿಗೆ ಹೇಳಿದ. ಅವಳು ಹೂಂ ಎಂದಳು. ಆ ಹೂಂ ಬಹಳ ಸಣ್ಣದಿತ್ತು. ಅವನು ಅದನ್ನು ವಿನಯವೆಂದುಕೊಂಡ.

ಸ್ಪರ್ಧೆಯ ಹಿಂದಿನ ದಿನ ಕಾರಿನಲ್ಲಿ ಹೊರಟರು. ಪಿಸ್ತೂಲು ಕಾಗದಪತ್ರದ ಸಮೇತ ಧೋಂಡಗೆಯವರ ಜೊತೆ ಮುಂದೆ ಹೋಗಿತ್ತು. ನಿಫಾಡ ದಾಟಿ ವಿಂಚೂರಿಗೆ ಬರುವ ಹೊತ್ತಿಗೆ ಲಾಸಲಗಾಂವ್ ಮಾರುಕಟ್ಟೆಯ ಈರುಳ್ಳಿ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿದ್ದವು. ಮಳೆಗೆ ಸಿಕ್ಕು ಕೊಳೆತ ಮಾಲನ್ನು ಯಾರೋ ರಸ್ತೆಯಂಚಿಗೆ ಸುರಿದಿದ್ದರು. ಸುಧೀರ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಗಾಜು ಏರಿಸಿದ.

"ಯಾಕರಿ? ಗಾಳಿ ಛಲೋ ಬರ್ತಿತ್ತಲ್ಲ" ಎಂದಳು ವಸುಧಾ.

"ವಾಸನಿ ಬರವಲ್ದೇನ ನಿನಗ?"

"ನೆಗಡಿ ಇರಬೇಕು" ಎಂದು ಅವಳು ಹೊರಗೆ ನೋಡಿದಳು. ನೆಗಡಿ ಇರಲಿಲ್ಲ. ಸುಧೀರನಿಗೆ ಅದು ಗೊತ್ತಿತ್ತು. ಆದರೂ ಗೇರು ಬದಲಿಸುವ ಗಡಿಬಿಡಿಯಲ್ಲಿ ಆ ಮಾತು ಹಾಗೇ ಬಿಟ್ಟುಹೋಯಿತು.

ರುಚಿತಾ ಈಗ ಸಂಭಾಜಿನಗರದ ಹಾಸ್ಟೆಲಿನಲ್ಲಿದ್ದು ಫಿಜಿಯೋಥೆರಪಿ ಓದುತ್ತಿದ್ದಳು. ಮೂರನೆಯ ವರ್ಷ. ಓದಿನ ನೆಪದಲ್ಲಿ ಮನೆಗೆ ಬರುವುದೇ ಅಪರೂಪ, ಬಂದಾಗಲೂ ತಾಯಿಯ ಕೈ ಸೆರಗಿನೊಳಗೇ ಇರುತ್ತಿತ್ತು. ಬೆಳಿಗ್ಗೆ ನೇರವಾಗಿ ಸ್ಪರ್ಧೆಯ ಜಾಗಕ್ಕೆ ಬಂದು ತಂದೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಪ್ರೇಕ್ಷಕರಿಗೂ ಗುರಿಕಾರರಿಗೂ ನಡುವೆ ಹಗ್ಗ ಕಟ್ಟಿತ್ತು. ಅಲ್ಲಿಂದ ಕೂಗುವಂತಿಲ್ಲ, ಸನ್ನೆ ಮಾಡುವಂತಿಲ್ಲ.

ವಸುಧಾ ತನ್ನ ಜಾಗದಲ್ಲಿ ಪಕ್ಕವಾಗಿ ನಿಂತಳು. ಎಡಗೈ ಸೊಂಟದಲ್ಲಿ, ಬಲಗೈಯಲ್ಲಿ ಆ ದೊಡ್ಡ ಪಿಸ್ತೂಲು. ಕೈ ನಿಧಾನವಾಗಿ ಏರಿತು, ನಿಂತಿತು, ಗುಂಡು ಹಾರಿತು. ಗುಂಡು ಬಿದ್ದ ಜಾಗ ತೋರಿಸುವ ಪರದೆಯ ಮೇಲೆ ನಟ್ಟನಡುವೆ ಚುಕ್ಕೆ ಬಿತ್ತು. ಇನ್ನೊಂದು ಅದರ ಮಗ್ಗುಲಿಗೆ. ಮತ್ತೊಂದು ಎರಡರ ನಡುವೆ. ಸುಧೀರ ಮಗಳ ಮೊಣಕಾಲು ಹಿಚುಕಿದ. ಮೈತುಂಬ ಸಂತೋಷ ಹರಿದಾಡುತ್ತಿತ್ತು ಅವನಿಗೆ.

ಸುತ್ತಿನ ನಡುವೆ ಬಿಡುವು ಬಂತು. ವಸುಧಾ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕೈಯನ್ನು ಅದರ ಪಕ್ಕದಲ್ಲಿ ಇಳಿಬಿಟ್ಟಳು. ಹೆಬ್ಬೆರಳು ತೋರುಬೆರಳು ಹೊಸೆಯತೊಡಗಿದವು.

ರುಚಿತಾ ಮುಂದಕ್ಕೆ ಬಾಗಿದಳು. "ಪಪ್ಪಾ, ಮಮ್ಮಿ ಕೈ ಯಾಕ ಹಂಗ?"

"ಅದಾ? ಬತ್ತಿ ಚಟ. ನಿಮ್ಮಜ್ಜೀದು ಇವಳಿಗೆ ಬಂದದ. ಈಗ ಎರಡು ವರ್ಷಾತು, ಮಜಾ ಅದ ನೋಡು" ಎಂದು ಸುಧೀರ ನಕ್ಕ.

ಮಗಳು ನಗಲಿಲ್ಲ. "ಎರಡು ವರ್ಷ? ಚಲ್ತಾನಾ... ನಡಿಯೋವಾಗ ಆ ಕೈ ಹಲತೋ ಕಾ? ಅಂದ್ರ, ಬೀಸ್ತಾಳಾ?" ಕನ್ನಡ ಸಿಗದೆ ಮರಾಠಿಯಲ್ಲಿ ತಡವರಿಸುತ್ತ ಒಂದೊಂದೇ ಕೇಳಿದಳು. ಬೀಸೋದಿಲ್ಲ, ಸೆರಗು ಹಿಡಕೊಂಡಂಗ ಮಡಚಿಕೊಂಡು ನಡೀತಾಳ ಎಂದ ಸುಧೀರ. ಬ್ಲೌಸಿನ ಹುಕ್ಕು? ಈಗೀಗ ಅವನೇ ಹಾಕಿಕೊಡುತ್ತಿದ್ದ. ಪ್ರೀತಿ ಹೆಚ್ಚಾಗಿದೆ ಎಂದುಕೊಂಡಿದ್ದ. ವಾಸನೆ ತಿಳಿಯುತ್ತದೆಯೇ? ನಿನ್ನೆಯ ಕೊಳೆತ ಈರುಳ್ಳಿ ಈಗ ಅವನ ಮೂಗಿಗೆ ಹೊಡೆಯಿತು.

"ಪಪ್ಪಾ" ಎಂದಳು ರುಚಿತಾ. "ಇದು ಬತ್ತಿ ನಾಹೀ. ಇದು ಪಾರ್ಕಿನ್ಸನ್. ಪುಸ್ತಕದಾಗ ಹಿಂಗೇ ಚಿತ್ರ ಅದ. ಅಜ್ಜೀದೂ... ಅಜ್ಜೀದೂ ಇದೇ ಇತ್ತಾ?"

ಅಷ್ಟು ಜನ ಅಷ್ಟು ವರ್ಷ ಕಾಲಿಗೆ ಬಿದ್ದದ್ದು ಒಂದು ರೋಗಕ್ಕೆ. ಮುದುಕಿಗೆ ಬೇಕಾಗಿದ್ದದ್ದು ಮಾತ್ರೆ, ಇವರು ಕೊಟ್ಟದ್ದು ನಮಸ್ಕಾರ. ಈಗ ಹೆಂಡತಿಗೂ ಅದೇ. ಅವಳಿಗೆ ಚೇಷ್ಟೆ ಮಾಡಿದ ತನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು ಸುಧೀರನಿಗೆ. ಅವನು ಎದ್ದ. ಹಗ್ಗದ ಹತ್ತಿರ ನಿಂತಿದ್ದ ಕಾರ್ಯಕರ್ತ ಕೈ ಅಡ್ಡ ಹಿಡಿದು ಕೂರಿ ಎಂದು ಸನ್ನೆ ಮಾಡಿದ. ಹೋಗಿ ಏನು ಹೇಳುವುದು? ನಿನಗೆ ರೋಗ ಬಂದಿದೆ, ಇಳಿದು ಬಾ ಎನ್ನುವುದೇ? ಅವಳು ಇದಕ್ಕಾಗಿ ಎಷ್ಟು ಸಂಜೆ ಇಸ್ತ್ರಿ ಪೆಟ್ಟಿಗೆ ಎತ್ತಿದ್ದಳು. ಅವನು ಕೂತುಬಿಟ್ಟ. ಮಗಳು ಅವನ ಕೈ ಹಿಡಿದುಕೊಂಡಳು.

ಮುಂದಿನದು ವೇಗದ ಸುತ್ತು. ಗುರಿ ತೋರಿದೊಡನೆ ಕೈ ಎತ್ತಿ ಒಂದು ಗುಂಡು ಹೊಡೆದು ಇಳಿಸಬೇಕು, ಮತ್ತೆ ಎತ್ತಬೇಕು. ಮೊದಲ ಸಲ ಗುಂಡು ನಡುವಿಗೇ ಹೋಯಿತು. ಎರಡನೆಯ ಸಲ ಕೈ ಎತ್ತಿದಳು, ನಳಿಗೆ ನಿಂತಿತು, ಗುಂಡು ಹಾರಲಿಲ್ಲ. ಬೆರಳಿಗೆ ಅಪ್ಪಣೆ ಹೋಗಿತ್ತು, ಬೆರಳು ಕದಲಲಿಲ್ಲ. ಹೊತ್ತು ಮೀರಿತು, ಗುರಿ ಮರೆಯಾಯಿತು. ಅವಳು ಕೈ ಇಳಿಸತೊಡಗಿದಳು. ಆಗ, ಯಾರೂ ಕೇಳದ ಹೊತ್ತಿನಲ್ಲಿ, ಆ ಬೆರಳು ಅಪ್ಪಣೆ ಪಾಲಿಸಿತು. ಮುಂದಿನ ಮಣ್ಣಿನಲ್ಲಿ ದೂಳು ಎದ್ದಿತು.

ಅಧಿಕಾರಿ ಕೂಗಿದ. ಸಾಲಿನವರೆಲ್ಲ ಪಿಸ್ತೂಲು ಕೆಳಗಿಟ್ಟು ಹಿಂದೆ ಸರಿದರು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ನಿಯಮ ನಿಯಮವೇ, ಅಡ್ಡಾದಿಡ್ಡಿ ಗುಂಡು ಹಾರಿದರೆ ಸ್ಪರ್ಧೆ ಮುಗಿದ ಹಾಗೆ. ವಸುಧಾ ವಾದ ಮಾಡಲಿಲ್ಲ. ಪಿಸ್ತೂಲಿನ ಹೊಟ್ಟೆ ಬಿಚ್ಚಿ ಖಾಲಿ ಮಾಡಿ ಅಧಿಕಾರಿಗೆ ತೋರಿಸಿದಳು. ಕಟ್ಟಿಗೆಯ ಹಿಡಿಯಿಂದ ಕೈ ಹೊರತೆಗೆದು ತಲೆ ತಗ್ಗಿಸಿಕೊಂಡು ಹೊರಗೆ ಬಂದಳು.

ಹೊರಗಿನ ಕಲ್ಲುಬೆಂಚಿನ ಮೇಲೆ ರುಚಿತಾ ತಾಯಿಯ ಮೊಣಕೈಯನ್ನು ಮಡಚಿ ಬಿಡಿಸಿ ನೋಡಿದಳು, ಬೆರಳು ಬಡಿಯಲು ಹೇಳಿದಳು. ಬೆರಳು ಮೊದಲು ದೊಡ್ಡದಾಗಿ ತೆರೆದು, ಬರುಬರುತ್ತ ಸಣ್ಣದಾಗಿ, ಅಂಟಿಕೊಂಡಂತೆ ನಿಂತಿತು. ಮಗಳು ಅಳತೊಡಗಿದಳು. ತಾಯಿ ಅವಳ ತಲೆ ಸವರಿದಳು, ಎಡಗೈಯಿಂದ.

"ನನಗ ಒಳಗ ಗೊತ್ತಿತ್ತು" ಎಂದಳು ವಸುಧಾ. "ಹೆಸರು ಗೊತ್ತಿರಲಿಲ್ಲ. ಬತ್ತಿ ಹೊಸಿಯೋದು ನಾ ಅಲ್ಲ, ಅದರಷ್ಟಕ್ಕ ಅದ ಹೊಸೀತದ ಅಂತ ಗೊತ್ತಿತ್ತು. ನೀವೆಲ್ಲಾ ನಗೋವಾಗ ನಾನೂ ನಕ್ಕೆ."

"ಮತ್ತ ಈ ದೊಡ್ಡ ಪಿಸ್ತೂಲು..." ಎಂದ ಸುಧೀರ.

"ಒದೆತ ಕಮ್ಮಿ ಆಗ್ಲಿ ಅಂತ ಅಲ್ಲರಿ. ಅದರ ಹಿಡಿಯೊಳಗ ನನ್ನ ಬೆರಳು ಯಾರಿಗೂ ಕಾಣೂದಿಲ್ಲ, ಅದಕ್ಕ. ನನಗೂ ಕಾಣೂದಿಲ್ಲ."

ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. "ಅವ್ವಗ ಕಡೀ ದಿನದಾಗ ಲಗೂ ಲಗೂ ನಡೀ ಅಂತ ಬೈದೇನಿ. ಬೇಕಂತ ಮಾಡ್ತಾಳ ಅಂದೇನಿ."

ಆ ಊರಿನಲ್ಲೇ ಉಳಿದು ಮರುದಿನ ನರರೋಗದ ಡಾಕ್ಟರರಿಗೆ ತೋರಿಸಿದರು. ಅವರು ಸಮಾಧಾನದ ಮನುಷ್ಯ, ಮುಚ್ಚಿಡಲೂ ಇಲ್ಲ, ಹೆದರಿಸಲೂ ಇಲ್ಲ. ಮಗಳು ಹೇಳಿದ್ದೇ ಸರಿ. ಕುಸುಮಾವತಿಬಾಯಿಗೂ ಇದ್ದಿರಬಹುದು, ಈಗ ಹೇಳಲಾಗದು. ವಾಸಿಯಾಗುವುದಿಲ್ಲ, ಆದರೆ ಮಾತ್ರೆಗೆ ಬಗ್ಗುತ್ತದೆ, ಬ್ಯಾಂಕಿಗೆ ಹೋಗಬಹುದು, ಅಡಿಗೆ ಮಾಡಬಹುದು, ದಿನಾಲೂ ನಡೆಯಬೇಕು. ವಸುಧಾ ಒಂದೇ ಪ್ರಶ್ನೆ ಕೇಳಿದಳು. ಡಾಕ್ಟರರು ಪೆನ್ನು ಕೆಳಗಿಟ್ಟು, "ಪಿಸ್ತೂಲು ಬೇಡ ತಾಯಿ" ಎಂದರು.

ಮಾತ್ರೆ ಕೆಲಸ ಮಾಡಿತು. ನಾಸಿಕಕ್ಕೆ ಮರಳಿ ಕೆಲವು ವಾರಗಳಲ್ಲಿ ಹುಕ್ಕು ತಾನೇ ಹಾಕಿಕೊಳ್ಳತೊಡಗಿದಳು, ನಡಿಗೆ ಚುರುಕಾಯಿತು. ಮಾತ್ರೆಯ ಗುಣ ಇರುವ ತನಕ ಬೆರಳು ಸುಮ್ಮನಿರುತ್ತಿತ್ತು, ಇಳಿಯುತ್ತ ಬಂದ ಹಾಗೆ ಮತ್ತೆ ಶುರು. ಸುಧೀರ ಭಾನುವಾರದ ಉಪ್ಪಿಟ್ಟಿನ ಜೊತೆ ಉಳಿದ ದಿನದ ಅಡಿಗೆಯನ್ನೂ ಕಲಿತ. ಅವಳಿಗೆ ಬೇಕಾಗಿದ್ದದ್ದು ಉಪ್ಪಿಟ್ಟಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳಿಗೆ ಬೇಕಾದ್ದನ್ನು ಕೊಡಲು ಅವನಿಂದ ಆಗುತ್ತಿರಲಿಲ್ಲ. ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಭಾನುವಾರ ಬಂದರೆ ಅವಳು ಹಳೆಯ ಹೊತ್ತಿಗೇ ಎದ್ದು, ಸ್ನಾನ ಮಾಡಿ, ತಯಾರಾಗಿ, ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದಳು. ಅದನ್ನು ನೋಡುವುದು ಅವನಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು.

ಒಂದು ಭಾನುವಾರ ಅವಳೇ ಹೇಳಿದಳು. "ಒಮ್ಮೆ ಕ್ಲಬ್ಬಿಗೆ ಕರಕೊಂಡು ಹೋಗ್ರಿ. ಮಾತ್ರಿ ಈಗ ತಗೊಂಡೀನಿ."

ಅವರು ಹೋದಾಗ ಮಧ್ಯಾಹ್ನ. ಬೆಳಗಿನವರು ಊಟಕ್ಕೆ ಹೋಗಿದ್ದರು, ಗುರಿಸಾಲು ಖಾಲಿ. ಧೋಂಡಗೆ ಸರ್ ಎದ್ದು ನಿಂತರು. ಆ ಗಟ್ಟಿ ಮನುಷ್ಯನ ಕಣ್ಣು ತುಂಬಿ ಬಂತು. "ವಾರಗಟ್ಟಲೆ ನಿಮ್ಮ ಕೈ ಹಿಡಿದು ಅಳತೆ ತೆಗೆದುಕೊಂಡೆ ಮ್ಯಾಡಮ್. ಬಿಗಿ ಇದೆ ಅನ್ನಿಸಿತ್ತು. ಹೆದರಿಕೆಯ ಬಿಗಿ ಅಂದುಕೊಂಡೆ" ಎಂದರು. ಆಮೇಲೆ ಅವಳು ಕೇಳುವ ಮೊದಲೇ ಕಪಾಟಿನ ಕಡೆ ನೋಡಿ ತಲೆ ಅಲ್ಲಾಡಿಸಿದರು. "ಅದೊಂದು ಕೇಳಬೇಡಿ. ನನ್ನಿಂದ ಆಗುವುದಿಲ್ಲ."

"ಕೇಳೂದಿಲ್ಲ ಸರ್. ನನ್ನ ಜಾಗದಾಗ ಸ್ವಲ್ಪ ನಿಲ್ಲತೀನಿ" ಎಂದಳು ವಸುಧಾ, ಅವರಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು. ಅವರಿಗೆ ತಿಳಿಯಿತು. ಬಾಗಿಲು ಸರಿಸಿ ದಾರಿ ಬಿಟ್ಟರು.

ಅವಳು ತನ್ನ ಹಳೆಯ ಮೇಜಿನ ಮುಂದೆ ಹೋಗಿ ಪಕ್ಕವಾಗಿ ನಿಂತಳು. ಎಡಗೈ ಸೊಂಟಕ್ಕೆ ಹೋಯಿತು. ಬರಿಯ ಬಲಗೈಯನ್ನು ಮೇಲೆತ್ತಿ ದೂರದ ಕರಿ ಚುಕ್ಕೆಯ ಕಡೆ ಚಾಚಿದಳು. ಸುಧೀರ ಒಂದು ಹೆಜ್ಜೆ ಹಿಂದೆ ನಿಂತು ಆ ಕೈಯನ್ನೇ ನೋಡಿದ. ಕೈ ನಿಶ್ಚಲವಾಗಿತ್ತು. ದೇವರೇ, ಹೀಗೇ ಇರಲಿ ಎಂದು ಅವನ ಮನಸ್ಸು ಮೊರೆಯಿಟ್ಟಿತು. ಅವಳು ಕೈ ಇಳಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೆಬ್ಬೆರಳ ತುದಿಯಲ್ಲಿ ಎದ್ದ ನಡುಕ ಮಣಿಕಟ್ಟಿಗೆ ಇಳಿಯಿತು. ಓಡಿಹೋಗಿ ಆ ಕೈಯನ್ನು ತನ್ನೆರಡೂ ಕೈಯಲ್ಲಿ ಅಮುಕಿ ಹಿಡಿಯಬೇಕು ಅನ್ನಿಸಿತು ಅವನಿಗೆ. ಹಿಡಿದರೆ ಏನಾದೀತು, ಅವನ ಕೈಯೊಳಗೂ ಅದು ನಡುಗುತ್ತಲೇ ಇದ್ದೀತು.

"ನಿಂತದೇನರಿ ಕೈ?" ಎಂದು ಅವಳು ಹಿಂದೆ ತಿರುಗದೆ ಕೇಳಿದಳು.

"ನಿಂತದ" ಎಂದ ಸುಧೀರ. "ಕಲ್ಲಾಗಿ ನಿಂತದ ವಸುಧಾ."

ಅವಳು ಕೈ ಚಾಚಿಕೊಂಡೇ ಇದ್ದಳು.

"ನನಗ ಕಾಣತದರಿ" ಎಂದಳು. "ನಿಮ್ಮ ಬಾಯಿಂದ ಕೇಳಬೇಕು ಅನಿಸ್ತು. ಇನ್ನೊಮ್ಮೆ ಹೇಳ್ರಿ."

ಅವನು ಇನ್ನೊಮ್ಮೆ ಹೇಳಿದ.